ಮನೆಯ ಪ್ರಿಂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಬಳಸುವ ಪ್ರಿಂಟರುಗಳ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಹಲವರು ‘ಪ್ರಿಂಟರ್ ಕೆಟ್ಟಿದೆ’ ಎಂದಷ್ಟೇ ಬರೆಯುತ್ತಾರೆ. ಆದರೆ ತೊಂದರೆ ಇರುವುದು ಯಂತ್ರದಲ್ಲೋ, ಕಂಪ್ಯೂಟರಿನಿಂದ ಯಂತ್ರದವರೆಗಿನ ಸಂಪರ್ಕದಲ್ಲೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಕಂಪ್ಯೂಟರಿನ ಗೊಡವೆಯಿಲ್ಲದೆ, ಪ್ರಿಂಟರಿನ ಮೇಲಿರುವ ಗುಂಡಿಗಳಿಂದಲೇ ಒಂದು ಪರೀಕ್ಷಾ ಪುಟವನ್ನು ಮುದ್ರಿಸಿ ನೋಡಿದರೆ ಇದು ತಿಳಿಯುತ್ತದೆ. ಆ ಪುಟ ಸ್ವಚ್ಛವಾಗಿ ಬಂದರೆ ಶಾಯಿ, ಕಾಗದ, ಯಂತ್ರ ಮೂರೂ ಸರಿಯಾಗಿವೆ ಎಂದರ್ಥ. ಹುಡುಕಬೇಕಾದದ್ದು ಕೇಬಲ್, ವೈಫೈ ಅಥವಾ ಕಂಪ್ಯೂಟರಿನ ಸೆಟ್ಟಿಂಗ್‌ಗಳಲ್ಲಿ. ಪುಟವೇ ಸರಿಯಾಗಿ ಬಾರದಿದ್ದರೆ ಡ್ರೈವರನ್ನು (ಪ್ರಿಂಟರನ್ನು ನಡೆಸಲು ಕಂಪ್ಯೂಟರಿನಲ್ಲಿ ಹಾಕುವ ತಂತ್ರಾಂಶ) ಎಷ್ಟು ಸಲ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಪ್ರಿಂಟರ್ ವೈಫೈ ಮೂಲಕ ಕೆಲಸ ಮಾಡುತ್ತದೆ. ಕೆಲವು ದಿನ ಸರಿಯಾಗಿದ್ದು, ಇದ್ದಕ್ಕಿದ್ದಂತೆ ಕಂಪ್ಯೂಟರಿನಲ್ಲಿ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಪ್ರಿಂಟರಿನ ದೀಪ ಉರಿಯುತ್ತಲೇ ಇರುತ್ತದೆ. ಪ್ರತಿ ಸಲವೂ ಪ್ರಿಂಟರನ್ನು ಪಟ್ಟಿಯಿಂದ ಅಳಿಸಿ ಮತ್ತೆ ಸೇರಿಸಿದರೆ ಸರಿಹೋಗುತ್ತದೆ. ಇದಕ್ಕೆ ಶಾಶ್ವತ ಪರಿಹಾರವಿದೆಯೇ?

ಉತ್ತರ: ಇದೆ. ಅಳಿಸಿ ಸೇರಿಸಿದಾಗ ಸರಿಹೋಗುತ್ತದೆ ಎಂದು ನೀವು ಬರೆದಿರುವುದರಲ್ಲೇ ಕಾರಣದ ಸುಳಿವೂ ಇದೆ. ಮನೆಯ ರೂಟರ್ ತನ್ನ ಜಾಲಕ್ಕೆ ಸೇರಿದ ಪ್ರತಿಯೊಂದು ಉಪಕರಣಕ್ಕೂ ಒಂದು ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು, ಕೊಡುತ್ತದೆ. ಆದರೆ ಅದು ನಿಗದಿತ ಅವಧಿಗೆ ಮಾತ್ರ. ವಿದ್ಯುತ್ ಹೋಗಿ ಬಂದಾಗ, ರೂಟರನ್ನು ಆರಿಸಿ ಹಚ್ಚಿದಾಗ ಅಥವಾ ಪ್ರಿಂಟರ್ ಬಹುಕಾಲ ಆರಿದ್ದಾಗ ಅದಕ್ಕೆ ಬೇರೆ ವಿಳಾಸ ಸಿಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸಕ್ಕೇ ಕಡತವನ್ನು ಕಳುಹಿಸುತ್ತಿರುತ್ತದೆ ಮತ್ತು ಅಲ್ಲಿ ಉತ್ತರಿಸುವವರು ಯಾರೂ ಇಲ್ಲದ್ದರಿಂದ ಪ್ರಿಂಟರ್ ಆಫ್‌ಲೈನ್ ಆಗಿದೆ ಎಂದು ತೀರ್ಮಾನಿಸುತ್ತದೆ. ನೀವು ಮತ್ತೆ ಸೇರಿಸಿದಾಗ ಹೊಸ ವಿಳಾಸ ದಾಖಲಾಗುತ್ತದೆ, ಮುಂದಿನ ಬದಲಾವಣೆಯವರೆಗೆ ಎಲ್ಲವೂ ನಡೆಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರಗಳ ಪುಟವನ್ನು ಮುದ್ರಿಸಿಕೊಳ್ಳಿ. ಹೆಚ್ಚಿನ ಮಾದರಿಗಳಲ್ಲಿ ಇದಕ್ಕೆ ಪ್ರತ್ಯೇಕ ಗುಂಡಿ ಅಥವಾ ಮೆನು ಇರುತ್ತದೆ. ಅದರಲ್ಲಿ ಕಾಣುವ ಐಪಿ ವಿಳಾಸವನ್ನು, ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ಎಂಬ ಪುಟದಲ್ಲಿರುವ ವಿಳಾಸದೊಂದಿಗೆ ಹೋಲಿಸಿ ನೋಡಿ. ಎರಡೂ ಬೇರೆಯಾಗಿದ್ದರೆ ಕಾರಣ ಸಿಕ್ಕಂತಾಯಿತು. ಪರಿಹಾರವನ್ನು ರೂಟರಿನಲ್ಲಿ ಮಾಡುವುದು ಒಳ್ಳೆಯದು. ರೂಟರಿನ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ವಿಭಾಗದ ಒಳಗೆ ವಿಳಾಸವನ್ನು ಕಾಯ್ದಿರಿಸುವ ಅವಕಾಶ ಇರುತ್ತದೆ. ಅಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸವನ್ನು (ತಯಾರಕರು ಉಪಕರಣಕ್ಕೆ ಕೊಟ್ಟಿರುವ ಗುರುತಿನ ಸಂಖ್ಯೆ) ನಮೂದಿಸಿ ಅದಕ್ಕೊಂದು ಖಾಯಂ ಐಪಿ ವಿಳಾಸವನ್ನು ಕೊಡಿ. ಮ್ಯಾಕ್ ವಿಳಾಸವೂ ನೀವು ಮುದ್ರಿಸಿದ ಅದೇ ಪುಟದಲ್ಲಿರುತ್ತದೆ. ಪ್ರಿಂಟರಿನ ಮೆನುವಿನಿಂದಲೇ ಸ್ಥಿರ ವಿಳಾಸವನ್ನು ಕೊಡಲೂ ಬರುತ್ತದೆ, ಆದರೆ ರೂಟರ್ ಬೇರೆಯವರಿಗೆ ಹಂಚುವ ವಿಳಾಸಗಳ ವ್ಯಾಪ್ತಿಯಲ್ಲೇ ಒಂದನ್ನು ಆರಿಸಿಕೊಂಡರೆ ಮುಂದೊಂದು ದಿನ ಅದೇ ವಿಳಾಸ ಯಾರದೋ ಮೊಬೈಲಿಗೂ ಸಿಕ್ಕಿ ಎರಡೂ ಘರ್ಷಿಸುತ್ತವೆ. ಹಾಗಾಗಿ ಮೊದಲನೆಯ ಮಾರ್ಗವೇ ನಿಶ್ಚಿಂತೆಯದು. ಆಮೇಲೆ ಕಂಪ್ಯೂಟರಿನಲ್ಲಿ ಟಿಸಿಪಿ ಐಪಿ ಪೋರ್ಟ್ ಆಯ್ದು, ಆ ಖಾಯಂ ವಿಳಾಸವನ್ನು ಕೊಟ್ಟು ಪ್ರಿಂಟರನ್ನು ಕೊನೆಯ ಬಾರಿಗೆ ಸೇರಿಸಿ.

ವಿಳಾಸಗಳು ಒಂದೇ ಆಗಿದ್ದೂ ಆಫ್‌ಲೈನ್ ಎಂದು ಬಂದರೆ ಬೇರೆ ಕಾರಣಗಳನ್ನು ನೋಡಬೇಕು. ಪ್ರಿಂಟರಿನ ಕ್ಯೂ (ಮುದ್ರಣಕ್ಕೆ ಕಾದಿರುವ ಕಡತಗಳ ಪಟ್ಟಿ) ತೆರೆದಾಗ ಸಿಗುವ ಮೆನುವಿನಲ್ಲಿ ‘ಯೂಸ್ ಪ್ರಿಂಟರ್ ಆಫ್‌ಲೈನ್’ ಎಂಬುದಕ್ಕೆ ಗುರುತು ಬಿದ್ದಿದ್ದರೆ ತೆಗೆಯಿರಿ. ಕಂಪ್ಯೂಟರ್ ಅತಿಥಿಗಳಿಗಾಗಿ ಇಟ್ಟ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೂ ಹೀಗಾಗುತ್ತದೆ, ಏಕೆಂದರೆ ಸುರಕ್ಷತೆಗಾಗಿ ಆ ಜಾಲದಲ್ಲಿರುವ ಉಪಕರಣಗಳಿಗೆ ಮನೆಯ ಉಳಿದ ಉಪಕರಣಗಳು ಕಾಣದಂತೆ ಮಾಡಿರುತ್ತಾರೆ. ಕಚೇರಿಯ ಕೆಲಸಕ್ಕೆ ವಿಪಿಎನ್ ಬಳಸುವವರು ಅದನ್ನು ನಿಲ್ಲಿಸಿ ಒಮ್ಮೆ ಮುದ್ರಿಸಿ ನೋಡಬೇಕು. ಎಷ್ಟೋ ವಿಪಿಎನ್‌ಗಳು ಮನೆಯೊಳಗಿನ ಜಾಲದ ಸಂಪರ್ಕವನ್ನು ತಡೆಹಿಡಿಯುತ್ತವೆ. ಪದೇ ಪದೇ ಸೇರಿಸಿದ್ದರಿಂದ ಒಂದೇ ಪ್ರಿಂಟರಿನ ಎರಡು ಮೂರು ಪ್ರತಿಗಳು ಪಟ್ಟಿಯಲ್ಲಿ ಉಳಿದಿರುತ್ತವೆ, ಮುದ್ರಣದ ಆಜ್ಞೆ ಸತ್ತ ಪ್ರತಿಗೆ ಹೋಗುತ್ತಿರುತ್ತದೆ. ಹಳೆಯವನ್ನೆಲ್ಲ ಅಳಿಸಿ, ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ತಾನೇ ನಿರ್ವಹಿಸುವ ಆಯ್ಕೆಯ ಗುರುತನ್ನು ತೆಗೆದುಬಿಡಿ. ಆ ಆಯ್ಕೆ ಚಾಲೂ ಇದ್ದರೆ ಕೊನೆಯದಾಗಿ ಬಳಸಿದ ಪ್ರಿಂಟರೇ ಡಿಫಾಲ್ಟ್ ಆಗುತ್ತದೆ, ಅದು ಪಿಡಿಎಫ್ ಉಳಿಸುವ ಕಾಲ್ಪನಿಕ ಪ್ರಿಂಟರ್ ಆಗಿದ್ದರೂ ಸರಿಯೇ.

ಪ್ರಶ್ನೆ: ಹೊಸ ಪ್ರಿಂಟರ್ ತಂದಿದ್ದೇವೆ. ಮೊಬೈಲಿನಲ್ಲಿ ಕಾಣುವ ನಮ್ಮ ವೈಫೈ ಹೆಸರು ಪ್ರಿಂಟರಿನ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಪ್ರಿಂಟರ್ ದೋಷಯುಕ್ತವೇ?

ಉತ್ತರ: ಇರಲಾರದು. ಈಗಿನ ರೂಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮನೆಬಳಕೆಯ ಅನೇಕ ಪ್ರಿಂಟರುಗಳು ಮೊದಲನೆಯದನ್ನು ಮಾತ್ರ ಗುರುತಿಸುತ್ತವೆ. ನೀವು ಹುಡುಕುತ್ತಿರುವ ಹೆಸರು 5 ಗಿಗಾಹರ್ಟ್ಸ್ ಜಾಲದ್ದಾಗಿದ್ದರೆ ಪ್ರಿಂಟರಿಗೆ ಅದು ಕಾಣುವುದಿಲ್ಲ. ರೂಟರಿನಲ್ಲಿ 2.4 ಗಿಗಾಹರ್ಟ್ಸ್ ಜಾಲವನ್ನು ಚಾಲೂ ಮಾಡಿ ಪ್ರಿಂಟರನ್ನು ಅದಕ್ಕೆ ಸೇರಿಸಿ. ಎರಡೂ ಜಾಲಗಳು ಒಂದೇ ರೂಟರಿನವಾದ್ದರಿಂದ ಕಂಪ್ಯೂಟರ್ 5 ಗಿಗಾಹರ್ಟ್ಸ್‌ನಲ್ಲೇ ಇದ್ದರೂ ಸಾಮಾನ್ಯವಾಗಿ ಮುದ್ರಣಕ್ಕೆ ಅಡ್ಡಿಯಿಲ್ಲ. ಹೆಸರು ಕಂಡೂ ಸಂಪರ್ಕ ಸಿಗದಿದ್ದರೆ ರೂಟರಿನ ಭದ್ರತೆಯನ್ನು ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟಿರುವಿರೇ ನೋಡಿ. ಸ್ವಲ್ಪ ಹಳೆಯ ವಿನ್ಯಾಸದ ಪ್ರಿಂಟರುಗಳಿಗೆ ಡಬ್ಲ್ಯುಪಿಎ2 ಬೇಕಾಗುತ್ತದೆ.

ವೈಫೈ ಬದಲು ಯುಎಸ್‌ಬಿ ಕೇಬಲ್ ಬಳಸುವವರಿಗೂ ಒಂದು ಮಾತು ಹೇಳಬೇಕು. ಕಂಪನಿಯ ತಂತ್ರಾಂಶವನ್ನು ಹಾಕಿಕೊಳ್ಳುವಾಗ ಅದು ‘ಈಗ ಕೇಬಲ್ ಜೋಡಿಸಿ’ ಎಂದು ಕೇಳುವವರೆಗೆ ಜೋಡಿಸಬೇಡಿ. ಮೊದಲೇ ಜೋಡಿಸಿದರೆ ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರನ್ನು ಹಾಕಿಬಿಡಬಹುದು, ಆಗ ಮುದ್ರಣ ನಡೆದರೂ ಸ್ಕ್ಯಾನರ್ ಅಥವಾ ಶಾಯಿಯ ಮಟ್ಟ ತೋರಿಸುವ ಸೌಲಭ್ಯಗಳು ಸಿಗದೇ ಹೋಗಬಹುದು.

ಪ್ರಶ್ನೆ: ಇಂಕ್‌ಜೆಟ್ ಪ್ರಿಂಟರನ್ನು ಕೆಲವು ತಿಂಗಳು ಬಳಸಿರಲಿಲ್ಲ. ಈಗ ಅಕ್ಷರಗಳ ನಡುವೆ ಬಿಳಿ ಗೆರೆಗಳು ಬರುತ್ತಿವೆ, ಕೆಂಪು ಬಣ್ಣ ಬರುವುದೇ ಇಲ್ಲ. ಹೆಡ್ ಕ್ಲೀನಿಂಗ್ ಅನ್ನು ಹಲವಾರು ಸಲ ಮಾಡಿದೆ. ಇನ್ನೂ ಮಾಡುತ್ತಾ ಹೋಗಬೇಕೇ?

ಉತ್ತರ: ದಯವಿಟ್ಟು ನಿಲ್ಲಿಸಿ. ಇಂಕ್‌ಜೆಟ್‌ನ ಮುದ್ರಣ ತಲೆಯಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳ ಸಾಲುಗಳಿರುತ್ತವೆ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಎದ್ದ ಗುಳ್ಳೆಯ ಒತ್ತಡದಿಂದ ಹನಿಯನ್ನು ಚಿಮ್ಮಿಸುತ್ತಾರೆ. ಇನ್ನು ಕೆಲವದರಲ್ಲಿ, ಉದಾಹರಣೆಗೆ ಎಪ್ಸನ್‌ನಲ್ಲಿ, ವಿದ್ಯುತ್ ತಾಗಿದಾಗ ಬಾಗುವ ಪೀಜೋ ಪದರವು ಹನಿಯನ್ನು ಹೊರದೂಡುತ್ತದೆ. ಯಾವ ವಿಧಾನವಾದರೂ ಬಳಸದೆ ಬಿಟ್ಟರೆ ರಂಧ್ರದ ಬಾಯಲ್ಲಿರುವ ಶಾಯಿ ಒಣಗಿ ಗಟ್ಟಿಯಾಗುತ್ತದೆ. ಹೆಡ್ ಕ್ಲೀನಿಂಗ್ ಎಂದರೆ ಶಾಯಿಯನ್ನೇ ಬಲವಾಗಿ ಎಳೆದು ಆ ಗಟ್ಟಿಯನ್ನು ಕದಲಿಸುವ ಕ್ರಿಯೆ. ಪ್ರತಿ ಸಲವೂ ಎಳೆದ ಶಾಯಿ ಪ್ರಿಂಟರಿನ ತಳದಲ್ಲಿರುವ ಹೀರುಮೆತ್ತೆಗೆ ಹೋಗಿ ಸೇರುತ್ತದೆ. ಹೀಗೆ ಮಾಡುತ್ತಲೇ ಹೋದರೆ ಶಾಯಿ ಖಾಲಿಯಾಗುವುದರ ಜೊತೆಗೆ ಆ ಮೆತ್ತೆಯೂ ಬೇಗ ತುಂಬುತ್ತದೆ, ತುಂಬಿದ ಮೇಲೆ ಅದನ್ನು ಬದಲಿಸುವವರೆಗೆ ಅನೇಕ ಪ್ರಿಂಟರುಗಳು ಕೆಲಸ ಮಾಡಲು ನಿರಾಕರಿಸುತ್ತವೆ.

ನೋಝಲ್ ಚೆಕ್ ಎಂಬ ಪರೀಕ್ಷಾ ವಿನ್ಯಾಸವನ್ನು ಮುದ್ರಿಸಿ, ಎಲ್ಲೆಲ್ಲಿ ಗೆರೆ ತುಂಡಾಗಿದೆ ಎಂದು ಗುರುತು ಮಾಡಿಟ್ಟುಕೊಳ್ಳಿ. ಒಮ್ಮೆ ಕ್ಲೀನಿಂಗ್ ಮಾಡಿ ಮತ್ತೆ ಅದೇ ವಿನ್ಯಾಸವನ್ನು ತೆಗೆದು ಹೋಲಿಸಿ. ತುಂಡುಗಳು ಕಡಿಮೆಯಾಗುತ್ತಿದ್ದರೆ ಇನ್ನೊಂದೆರಡು ಸಲ ಮಾಡಬಹುದು. ಬದಲಾವಣೆಯೇ ಇಲ್ಲದಿದ್ದರೆ ಪ್ರಿಂಟರನ್ನು ಆರಿಸಿ ಒಂದು ರಾತ್ರಿ ಹಾಗೆಯೇ ಬಿಡಿ. ಒಳಗೆ ಎಳೆದುಬಂದ ಹಸಿ ಶಾಯಿ ಒಣಗಿದ ಶಾಯಿಯನ್ನು ನಿಧಾನವಾಗಿ ನೆನೆಸುತ್ತದೆ. ಮರುದಿನ ಮತ್ತೊಮ್ಮೆ ಪ್ರಯತ್ನಿಸಿ. ಮುದ್ರಣ ತಲೆ ಕಾರ್ಟ್ರಿಜ್‌ಗೇ ಅಂಟಿಕೊಂಡಿರುವ ಮಾದರಿ ನಿಮ್ಮದಾಗಿದ್ದರೆ ಕೆಲಸ ಸುಲಭ: ಉಗುರುಬೆಚ್ಚಗಿನ ಶುದ್ಧೀಕರಿಸಿದ ನೀರಿನಲ್ಲಿ ಅದ್ದಿ ಹಿಂಡಿದ, ಎಳೆ ಬಿಡದ ಬಟ್ಟೆಯ ಮೇಲೆ ರಂಧ್ರಗಳಿರುವ ಭಾಗವನ್ನು ಮೆಲ್ಲಗೆ ಒತ್ತಿ ತೆಗೆದರೆ ಶಾಯಿಯ ಗುರುತು ಮೂಡಬೇಕು. ತಾಮ್ರದ ಬಣ್ಣದ ಸಂಪರ್ಕ ಬಿಂದುಗಳನ್ನು ಒರೆಸುವಾಗ ಬಟ್ಟೆಯ ಬೇರೆ ಭಾಗವನ್ನು ಬಳಸಿ. ಅದರಿಂದಲೂ ಆಗದಿದ್ದರೆ ಹೊಸ ಕಾರ್ಟ್ರಿಜ್ ಹಾಕಿದಾಗ ತಲೆಯೂ ಹೊಸತಾಗುತ್ತದೆ. ತಲೆ ಯಂತ್ರದಲ್ಲೇ ಕೂತಿರುವ ಮಾದರಿಯಾದರೆ ಸೂಜಿ, ಪಿನ್ನು ಮುಂತಾದವನ್ನು ಹತ್ತಿರ ತರಲೇಬೇಡಿ. ಆ ಹಂತದಲ್ಲಿ ಸರ್ವಿಸ್ ಕೇಂದ್ರಕ್ಕೆ ಒಯ್ಯುವುದೇ ಸರಿ.

ನಿಮ್ಮ ಪ್ರಿಂಟರ್ ಇಂಕ್ ಟ್ಯಾಂಕ್ ಮಾದರಿಯದ್ದಾದರೆ ಕೆಂಪಿಗೆ ಬೇಕಾದ ಮೆಜೆಂಟಾ (ಕಡು ಗುಲಾಬಿ) ಶಾಯಿ ಟ್ಯಾಂಕಿನ ಕೆಳಗೆರೆಗಿಂತ ಇಳಿದಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಅಷ್ಟು ಇಳಿದಾಗ ಕೊಳವೆಯೊಳಗೆ ಗಾಳಿ ಸೇರಿ ಬಣ್ಣ ನಿಂತುಹೋಗುತ್ತದೆ. ನೋಝಲ್ ವಿನ್ಯಾಸ ಪೂರ್ತಿ ಸರಿಯಿದ್ದೂ ಗೆರೆಗಳು ಬರುವುದಾದರೆ ಅದು ರಂಧ್ರದ ದೋಷವಲ್ಲ, ಆಗ ಪ್ರಿಂಟರಿನ ಮೆನುವಿನಿಂದ ಮುದ್ರಣ ತಲೆಯ ಹೊಂದಾಣಿಕೆ, ಅಂದರೆ ಅಲೈನ್‌ಮೆಂಟ್ ಮಾಡಬೇಕು.

ಮುಂದೆ ಹೀಗಾಗದಿರಲು ಎರಡು ಅಭ್ಯಾಸಗಳು ಸಾಕು. ವಾರಕ್ಕೊಮ್ಮೆಯಾದರೂ ಎಲ್ಲ ಬಣ್ಣಗಳಿರುವ ಒಂದು ಪುಟವನ್ನು ಮುದ್ರಿಸಿ. ಪ್ರಿಂಟರನ್ನು ಆರಿಸುವಾಗ ಅದರ ಮೇಲಿನ ಗುಂಡಿಯಿಂದಲೇ ಆರಿಸಿ, ದೀಪ ಆರಿದ ಮೇಲೆ ಬೇಕಿದ್ದರೆ ಗೋಡೆಯ ಸ್ವಿಚ್ಚನ್ನು ತೆಗೆಯಿರಿ. ಗುಂಡಿ ಒತ್ತಿದಾಗ ಮುದ್ರಣ ತಲೆ ತನ್ನ ಮೂಲೆಗೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕೂರುತ್ತದೆ. ಕೆಲಸದ ನಡುವೆ ನೇರವಾಗಿ ಗೋಡೆಯ ಸ್ವಿಚ್ ಆರಿಸಿದರೆ ತಲೆ ಎಲ್ಲೋ ಮಧ್ಯದಲ್ಲಿ ನಿಂತು, ಬಾಯಿ ತೆರೆದುಕೊಂಡೇ ಒಣಗುತ್ತದೆ. ಇಂಕ್‌ಜೆಟ್ ಕೊಂಡವರಿಗೆಲ್ಲ ಮೊದಲ ದಿನವೇ ಹೇಳಿಕೊಡಬೇಕಾದ ಸಂಗತಿಯಿದು.

ಪ್ರಶ್ನೆ: ರದ್ದುಪಡಿಸಿದ ಕಡತವೊಂದು ಕ್ಯೂನಲ್ಲಿ ‘ಡಿಲೀಟಿಂಗ್’ ಎಂದು ತೋರಿಸುತ್ತಾ ನಿಂತಿದೆ, ಅದರ ಹಿಂದಿನ ಯಾವುದೂ ಮುದ್ರಣವಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಪ್ರಿಂಟರ್ ಮತ್ತು ಕಂಪ್ಯೂಟರ್ ಎರಡನ್ನೂ ಆರಿಸಿ ಹಚ್ಚಿ. ಆಗಲೂ ಹೋಗದಿದ್ದರೆ ವಿಂಡೋಸ್‌ನ ಸರ್ವಿಸಸ್ ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ (ಕ್ಯೂವನ್ನು ನಿರ್ವಹಿಸುವ ಸೇವೆ) ಎಂಬುದನ್ನು ನಿಲ್ಲಿಸಿ. ಬಳಿಕ ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರನ್ನು ತೆರೆದು, ಅದರಲ್ಲಿರುವ ಕಡತಗಳನ್ನು ಮಾತ್ರ ಅಳಿಸಿ, ಸ್ಪೂಲರನ್ನು ಮತ್ತೆ ಆರಂಭಿಸಿ. ಫೋಲ್ಡರನ್ನೇ ಅಳಿಸಬೇಡಿ.

ಪ್ರಶ್ನೆ: ಕಾಗದ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತದೆ, ಕೆಲವೊಮ್ಮೆ ಎರಡು ಮೂರು ಹಾಳೆಗಳು ಒಟ್ಟಿಗೆ ಹೋಗುತ್ತವೆ.

ಉತ್ತರ: ತೇವ ಹೀರಿದ ಕಾಗದ ಇದಕ್ಕೆ ಸಾಮಾನ್ಯ ಕಾರಣ. ತೆರೆದಿಟ್ಟ ಕಟ್ಟಿನ ಹಾಳೆಗಳು ಗಾಳಿಯ ತೇವಕ್ಕೆ ಅಂಚಿನಲ್ಲಿ ಸುರುಟಿ ಒಂದಕ್ಕೊಂದು ಅಂಟುತ್ತವೆ. ಬೇಕಾದಷ್ಟನ್ನೇ ಟ್ರೇಗೆ ಹಾಕಿ ಉಳಿದದ್ದನ್ನು ಅದರ ಹೊದಿಕೆಯಲ್ಲೇ ಮುಚ್ಚಿಡಿ. ಹಾಕುವ ಮುನ್ನ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಅಂಚುಗಳನ್ನು ಮೇಜಿನ ಮೇಲೆ ತಟ್ಟಿ ಸರಿಮಾಡಿ, ಟ್ರೇಯ ಪಕ್ಕದ ತಡೆಗಳನ್ನು ಹಾಳೆಗೆ ತಾಗುವಷ್ಟು ಮಾತ್ರ ಸರಿಸಿ. 75ರಿಂದ 80 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಕಾಗದ ಮನೆಯ ಪ್ರಿಂಟರುಗಳಿಗೆ ಹೊಂದುತ್ತದೆ. ಹಾಳೆಯನ್ನು ಎಳೆದುಕೊಳ್ಳುವ ರಬ್ಬರ್ ರೋಲರಿನ ಮೇಲೆ ಕಾಗದದ ಧೂಳು ಕೂತು ಅದು ನುಣುಪಾದರೂ ಹೀಗಾಗುತ್ತದೆ. ವಿದ್ಯುತ್ ತೆಗೆದು, ನೀರಿನಲ್ಲಿ ತುಸು ಒದ್ದೆ ಮಾಡಿದ ಬಟ್ಟೆಯಿಂದ ರೋಲರನ್ನು ತಿರುಗಿಸುತ್ತಾ ಒರೆಸಿ, ಒಣಗಿದ ಮೇಲೆ ಬಳಸಿ.

ಸಿಕ್ಕ ಹಾಳೆಯನ್ನು ಎರಡೂ ಕೈಗಳಿಂದ ಹಿಡಿದು, ಸಾಧ್ಯವಿದ್ದಷ್ಟೂ ಅದು ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಹರಿದರೆ ಎಲ್ಲ ಚೂರುಗಳನ್ನೂ ಜೋಡಿಸಿ ಹಾಳೆ ಪೂರ್ತಿಯಾಯಿತೇ ಎಂದು ನೋಡುವುದು ಒಳ್ಳೆಯದು, ಏಕೆಂದರೆ ಒಳಗುಳಿದ ಒಂದು ಚೂರು ಮುಂದಿನ ಪ್ರತಿಯೊಂದು ಹಾಳೆಯನ್ನೂ ತಡೆಯಬಹುದು. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದರಿಂದ, ಅದು ತಣಿಯುವವರೆಗೆ ಆ ಭಾಗಕ್ಕೆ ಕೈ ಹಾಕಬಾರದು.

ಪ್ರಶ್ನೆ: ಇನ್ನೊಂದು ಕಂಪ್ಯೂಟರಿನಿಂದ ಬಂದ ಕನ್ನಡ ಕಡತವನ್ನು ಮುದ್ರಿಸಿದರೆ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಬರುತ್ತವೆ. ಕೆಲವು ಪಿಡಿಎಫ್‌ಗಳಲ್ಲಿ ತೆರೆಯ ಮೇಲೆ ಸರಿಯಾಗಿರುವ ಒತ್ತಕ್ಷರಗಳು ಕಾಗದದ ಮೇಲೆ ಚದುರುತ್ತವೆ.

ಉತ್ತರ: ಇವು ಎರಡು ಬೇರೆ ತೊಂದರೆಗಳು. ಮೊದಲನೆಯದು, ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್‌ಗಿಂತ ಹಿಂದಿನ ಪದ್ಧತಿಯ ಕನ್ನಡ ಫಾಂಟ್‌ಗಳದ್ದು. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಇರಿಸಿಕೊಂಡಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಕಡತ ಸಿದ್ಧಪಡಿಸಿದವರಿಂದ ಫಾಂಟ್ ಅಡಕವಾಗಿರುವ ಪಿಡಿಎಫ್ ತರಿಸಿಕೊಳ್ಳಿ ಅಥವಾ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಎರಡನೆಯದರಲ್ಲಿ ಕಡತ ಸರಿಯಿದ್ದು, ಪ್ರಿಂಟರಿಗೆ ಫಾಂಟ್ ಕಳುಹಿಸುವ ಹಂತದಲ್ಲಿ ಡ್ರೈವರ್ ಎಡವುತ್ತಿರುತ್ತದೆ. ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಆಯ್ದುಕೊಳ್ಳಿ. ಆಗ ಪುಟ ಚಿತ್ರವಾಗಿ ಹೋಗುವುದರಿಂದ ಮುದ್ರಣ ತುಸು ನಿಧಾನವಾದರೂ ಒತ್ತಕ್ಷರಗಳು ತಮ್ಮ ಜಾಗದಲ್ಲೇ ಇರುತ್ತವೆ.

ಪ್ರಶ್ನೆ: ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೇ ಜೋಡಿಸಬಹುದೇ?

ಉತ್ತರ: ಬೇಡ. ಫ್ಯೂಸರ್ ಕಾಯುವಾಗ ಪ್ರಿಂಟರ್ ಒಮ್ಮೆಲೇ ನೂರಾರು ವಾಟ್ ವಿದ್ಯುತ್ತನ್ನು ಎಳೆಯುತ್ತದೆ. ಮನೆಯ ಸಣ್ಣ ಯುಪಿಎಸ್ ಅದನ್ನು ತಾಳದೆ ಆರಿಹೋಗಿ, ಜೊತೆಗಿದ್ದ ಕಂಪ್ಯೂಟರೂ ಆರಬಹುದು. ಲೇಸರ್ ಪ್ರಿಂಟರನ್ನು ಗೋಡೆಯ ಸಾಕೆಟ್‌ಗೆ ನೇರವಾಗಿ ಜೋಡಿಸಿ. ಇಂಕ್‌ಜೆಟ್‌ಗಳು ಬಳಸುವ ವಿದ್ಯುತ್ ಬಹಳ ಕಡಿಮೆಯಾದ್ದರಿಂದ ಅವುಗಳಿಗೆ ಈ ನಿರ್ಬಂಧವಿಲ್ಲ.