ಕನ್ನಡ ಲಿಪಿ ಗ್ರಾಫಿಟಿಗೆ ಒಗ್ಗುವುದಿಲ್ಲವೇ?

"ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಗೋಡೆಗಳನ್ನೆಲ್ಲ ನೋಡಿ ಬಂದೆ, ಬರೆದದ್ದೆಲ್ಲ ಬಹುಪಾಲು ಇಂಗ್ಲಿಷೇ. ಒತ್ತಕ್ಷರ, ಕೊಂಬು, ದೀರ್ಘಗಳಿಂದಾಗಿ ಕನ್ನಡ ಗ್ರಾಫಿಟಿಗೆ, ಅಂದರೆ ಗೋಡೆಬರಹದ ಕಲೆಗೆ, ಒಗ್ಗುವುದಿಲ್ಲವಂತೆ, ಹೌದೇ?" ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನರ್. ರಜೆಯ ದಿನಗಳಲ್ಲಿ, ಅನುಮತಿ ಸಿಕ್ಕ ಗೋಡೆಗಳ ಮೇಲೆ ಕನ್ನಡದಲ್ಲೇ ಬರೆಯುತ್ತೇನೆ. ಲಿಪಿಯಲ್ಲಿ ಕೊರತೆಯೇನೂ ಇಲ್ಲ. ಬೇರೆಯವರ ಅಚ್ಚಿನೊಳಗೆ ಅದನ್ನು ತುರುಕಲು ಹೋಗಿ ನಾವು ಸೋಲುತ್ತಿದ್ದೇವೆ.

1970ರ ದಶಕದಲ್ಲಿ ನ್ಯೂಯಾರ್ಕಿನ ರೈಲುಗಳ ಮೇಲೆ ಬೆಳೆದ ಶೈಲಿಯನ್ನೇ ಇಂದು ಎಲ್ಲೆಡೆ ಗ್ರಾಫಿಟಿ ಎಂದು ಕರೆಯುತ್ತಾರೆ. ಅದು ಬೆಳೆದದ್ದು ಇಂಗ್ಲಿಷಿನ ದೊಡ್ಡಕ್ಷರಗಳ ಮೇಲೆ. ಅವೆಲ್ಲ ಎರಡು ಗೆರೆಗಳ ನಡುವೆ ಸಮನಾಗಿ ನಿಲ್ಲುತ್ತವೆ, ಹಾಗಾಗಿ ಒಂದಕ್ಕೊಂದು ಒತ್ತಿ ಹೆಣೆಯಬಹುದು. 'ಮಲ್ಲೇಶ್ವರ' ಎಂದು ಬರೆದು ನೋಡಿ. ಲ, ಶ ಎರಡರ ಅಡಿಯಲ್ಲೂ ಒತ್ತು ನೇತಾಡುತ್ತದೆ, ಲೇಕಾರದ ದೀರ್ಘ ಬಲಕ್ಕೆ ಚಾಚುತ್ತದೆ. ಇದನ್ನು ಎರಡು ಗೆರೆಗಳ ನಡುವೆ ಹಿಂಡಿದರೆ ಓದಲಾಗುವುದಿಲ್ಲ. ಮೂರನೆಯ ಗೆರೆ ಕೊಟ್ಟರೆ ಅದೇ ಹೆಸರು ಉಸಿರಾಡುತ್ತದೆ.

ಈ ತೊಡಕನ್ನು ನಮಗಿಂತ ಬಹಳ ಮೊದಲೇ ಬಿಡಿಸಿದವರು ನಮ್ಮ ಬೋರ್ಡ್ ಬರೆಯುವವರು. ಕಲಾಸಿಪಾಳ್ಯದಲ್ಲಿ ಲಾರಿಯೊಂದರ ಹಣೆಗೆ ಹೆಸರು ಬರೆಯುತ್ತಿದ್ದ ಹಿರಿಯರೊಬ್ಬರ ಪಕ್ಕ ನಿಂತು ನೋಡಿದ್ದೇನೆ. ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು ಮಿಡಿದರು. ಅಕ್ಷರಗಳಿಗೆ ಎರಡು ಗೆರೆ, ಕೆಳಗೆ ಒತ್ತುಗಳಿಗೆಂದೇ ಇನ್ನೊಂದು. ಕೋಲೊಂದನ್ನು ಅಡ್ಡವಾಗಿ ಆನಿಸಿ, ಅದರ ಮೇಲೆ ಮಣಿಕಟ್ಟು ಊರಿ, ಚಪ್ಪಟೆ ಬ್ರಷ್ಷಿನಿಂದ ಎನಾಮೆಲ್ ಬಣ್ಣ ಎಳೆಯುತ್ತಾ ಹೋದರು. ಮೊದಲು ಎಲ್ಲ ಅಕ್ಷರಗಳ ಒಡಲು, ಆಮೇಲೆ ತಲೆಕಟ್ಟು, ಕಡೆಗೆ ಒತ್ತುಗಳು. 'ಶ್ರೀ'ಯ ಅಡಿಯ ರಕಾರದ ಒತ್ತನ್ನು ಬಲಕ್ಕೆ ಎಳೆದು, ಇಡೀ ಹೆಸರಿನ ಕೆಳಗೆ ಹಾಸಿ, ತುದಿಯಲ್ಲೊಂದು ಸುಳಿ ಕೊಟ್ಟು ನಿಲ್ಲಿಸಿದರು. ಒತ್ತಿನ ಜಾಗ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ಎಲ್ಲಿ ಖಾಲಿ ಇದೆಯೋ ಅಲ್ಲಿ" ಎಂದರು. ಯಾವ ಡಿಸೈನ್ ತರಗತಿಯಲ್ಲೂ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ವಿದ್ಯೆ ಕೈಜಾರುತ್ತಿರುವುದು ನನಗೆ ನಿಜವಾಗಿಯೂ ಸಂಕಟದ ಸಂಗತಿ. ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಆಳೆತ್ತರದ ಅಕ್ಷರ ಬರೆಯುತ್ತಿದ್ದ ಬ್ಯಾನರ್ ಕಲಾವಿದರ ಅನ್ನವನ್ನು ಫ್ಲೆಕ್ಸ್ ಕಸಿದುಕೊಂಡಿತು. 2009ರ ಸುಮಾರಿಗೆ ಪಾಲಿಕೆ ಅಂಥವರ ಕೈಗೇ ಕುಂಚ ಕೊಟ್ಟು ರಸ್ತೆಬದಿಯ ಕಾಂಪೌಂಡುಗಳ ಮೇಲೆ ಹಂಪಿಯ ಕಲ್ಲಿನ ರಥ, ಜೋಗ, ಆನೆ, ಹುಲಿಗಳನ್ನು ಬರೆಸಿತು. ಅವುಗಳನ್ನು ಕ್ಯಾಲೆಂಡರ್ ಚಿತ್ರಗಳೆಂದು ಹಳಿದವರಿದ್ದರು. ನನಗೆ ಹಾಗೆ ಅನಿಸಲಿಲ್ಲ. ನನ್ನ ಬೇಸರ ಒಂದೇ, ಅವರಿಂದ ಅಕ್ಷರ ಬರೆಸಲಿಲ್ಲ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಫ್ಲೆಕ್ಸ್‌ಗಳನ್ನು ಕಿತ್ತರು, ಆದರೆ ಕುಂಚ ಮರಳಲಿಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ 2024ರ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಎಷ್ಟೋ ಅಂಗಡಿಗಳು ಸಿಕ್ಕ ಫಾಂಟನ್ನು ಅಡ್ಡಡ್ಡ ಹಿಗ್ಗಿಸಿ ಅಂಟಿಸಿವೆ, ಒತ್ತುಗಳೆಲ್ಲ ಚಪ್ಪಟೆಯಾಗಿವೆ. ಕಣ್ಣಿಗೆ ಹಿಂಸೆ. 'ಬಲೂ ತಮ್ಮ' ಎಂಬ ಹೆಸರಿನ ದುಂಡನೆಯ, ದಪ್ಪ ಕನ್ನಡ ಫಾಂಟ್ ಉಚಿತವಾಗಿಯೇ ಸಿಗುವಾಗ ಇದೇಕೆ?

ಇಂಗ್ಲಿಷಿನಲ್ಲಿ ಬರೆಯುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಬೀದಿಯ ಕಲೆ ಆ ಬೀದಿಯವರನ್ನು ಮಾತನಾಡಿಸಬೇಕು ಎಂಬುದಷ್ಟೇ ನನ್ನ ಹಟ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಕೂರಿಸಿದಾಗ ಒಂದಕ್ಷರವೂ ಬೇಕಾಗಲಿಲ್ಲ. ಆ ಗುಂಡಿ ಯಾರ ಕಾಲನ್ನು ಹಿಡಿಯುತ್ತಿತ್ತೋ ಅವರಿಗೆ ತಕ್ಷಣ ಅರ್ಥವಾಯಿತು. ಅಕ್ಷರ ಬರೆಯುವವರೂ ಹಾಗೆಯೇ ಯೋಚಿಸಬೇಕು: ಈ ಗೋಡೆಯ ಮುಂದೆ ಹೂ ಮಾರುವವರು, ಬಸ್ಸಿಗೆ ಕಾಯುವವರು ಇದನ್ನು ಓದುತ್ತಾರೆಯೇ?

ನೀವೂ ಬರೆಯಬೇಕೆಂದಿದ್ದರೆ ಮೊದಲು ಸ್ಪ್ರೇ ಡಬ್ಬಿ ಕೊಳ್ಳಬೇಡಿ. ಒಂದಂಗುಲದ ಚಪ್ಪಟೆ ಬ್ರಷ್ ಮತ್ತು ಹಳೆಯ ಪತ್ರಿಕೆಗಳು ಸಾಕು. 'ಅ', 'ಳ', 'ಣ' ಬರೆಯುತ್ತಾ ಇರಿ, ಬ್ರಷ್ಷಿನ ಓರೆ ಬದಲಿಸದೆ. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದನ್ನು ಅದೇ ಕಲಿಸುತ್ತದೆ. ಆಮೇಲೆ ಒತ್ತಿಲ್ಲದ ಪದ, ಆಮೇಲೆ 'ಶಾಸ್ತ್ರಿ'ಯಂಥ ಎರಡು ಒತ್ತಿನ ಪದ. ಗೋಡೆಗೆ ಹೋದ ಮೇಲೆ ಮಣಿಕಟ್ಟು ತಿರುಗಿಸಬೇಡಿ, ತೋಳನ್ನು ಭುಜದಿಂದಲೇ ಬೀಸಿ. ಕನ್ನಡದ ದುಂಡಗಿನ ತಿರುವುಗಳು ಆ ಬೀಸಿಗೆ ಹೇಳಿ ಮಾಡಿಸಿದಂತಿವೆ.

ಮಾಲೀಕರ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಸಾರ್ವಜನಿಕ ಗೋಡೆಯಾದರೆ ಪಾಲಿಕೆಯದು ಬೇಕು. ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ರಾಜ್ಯ ಕಾಯ್ದೆಯಡಿ ಮೊಕದ್ದಮೆ ಹೂಡಿದ ಉದಾಹರಣೆಗಳಿವೆ. ಮಳೆಗಾಲ ಕಳೆದು ಗೋಡೆ ಪೂರ್ತಿ ಒಣಗಲಿ. ಹಳೆಯ ಸುಣ್ಣ ಎದ್ದುಬರುತ್ತಿದ್ದರೆ ಕೆರೆದು, ಪ್ರೈಮರ್ ಹಚ್ಚಿ, ಮರುದಿನ ದಾರ ಮಿಡಿಯಿರಿ. ಮೂರು ಗೆರೆ, ನೆನಪಿರಲಿ.