ಬೆಲೆ ಸೊನ್ನೆಗಿಂತ ಕೆಳಗಿಳಿದರೆ ಲಾಗ್ ತೆಗೆಯುವುದು ಹೇಗೆ?

ಪ್ರಶ್ನೆ: ನಾಳಿನ ವಿದ್ಯುತ್ ಬೆಲೆ ಅಂದಾಜಿಸಲು, ಬೆಲೆಯ ಲಾಗ್ ತೆಗೆದು ರಿಗ್ರೆಷನ್ ಮಾದರಿ (ಹಳೆಯ ಅಂಕಿಗಳಿಂದ ಅಂದಾಜು ಕೊಡುವ ಸಮೀಕರಣ) ಕಟ್ಟಿದ್ದೇನೆ. ಋಣ ಬೆಲೆಯ ಗಂಟೆಗಳಿಗೆ ಲಾಗ್ ಬರುವುದಿಲ್ಲ. ಅವನ್ನು ಕೈಬಿಡಬಹುದೇ? ತಪ್ಪಿನ ಶೇಕಡಾ ಪ್ರಮಾಣ ಒಮ್ಮೊಮ್ಮೆ ಸಾವಿರ ದಾಟುವುದೇಕೆ?

ಉತ್ತರ: ಕೈಬಿಡಬೇಡಿ. ಗಾಳಿ, ಬಿಸಿಲು ಧಾರಾಳವಾಗಿದ್ದು ಬೇಡಿಕೆ ಕುಸಿದಾಗ, ಸ್ಥಾವರ ನಿಲ್ಲಿಸಿ ಮತ್ತೆ ಶುರುಮಾಡುವ ಖರ್ಚಿಗಿಂತ ಕೈಯಿಂದ ದುಡ್ಡು ಕೊಟ್ಟು ವಿದ್ಯುತ್ ಸಾಗಹಾಕುವುದೇ ಕೆಲವು ಉತ್ಪಾದಕರಿಗೆ ಅಗ್ಗ. ನಾಳಿನ ವಿದ್ಯುತ್ತನ್ನು ಇಂದೇ ಹರಾಜು ಹಾಕುವ ಜರ್ಮನಿಯ ಮರುದಿನದ ಮಾರುಕಟ್ಟೆಯಲ್ಲಿ 2008ರಿಂದಲೇ ಋಣ ಬೆಲೆಗೆ ಅವಕಾಶವಿದೆ.

ಲಾಗ್ ಬದಲು ವಿಲೋಮ ಹೈಪರ್ಬಾಲಿಕ್ ಸೈನ್ ಬಳಸಿ: ದೊಡ್ಡ ಸಂಖ್ಯೆಗಳನ್ನು ಇದೂ ಲಾಗ್‌ನಂತೆ ಕುಗ್ಗಿಸುತ್ತದೆ, ಋಣ ಸಂಖ್ಯೆಗಳಿಗೂ ಒಗ್ಗುತ್ತದೆ. ಮೊದಲು ತರಬೇತಿ ಅವಧಿಯ (ಮಾದರಿ ಕಟ್ಟಲು ಬಳಸಿದ ಅವಧಿಯ) ಬೆಲೆಗಳ ಮಧ್ಯಕ, ಅಂದರೆ ಏರಿಕೆ ಕ್ರಮದಲ್ಲಿ ನಟ್ಟನಡುವೆ ಬರುವ ಬೆಲೆ, ಕಳೆಯಿರಿ. ಮಧ್ಯಕದಿಂದ ಬೆಲೆಗಳಿಗಿರುವ ದೂರಗಳ ಮಧ್ಯಕವನ್ನು 1.4826ರಿಂದ ಗುಣಿಸಿ, ಬಂದದ್ದರಿಂದ ಭಾಗಿಸಿ. ಮಧ್ಯಕ 50, ದೂರಗಳ ಮಧ್ಯಕ 20 ಎನ್ನೋಣ, ಭಾಜಕ 29.65. ಬೆಲೆ −40 ಇದ್ದರೆ −3.04, ಪರಿವರ್ತಿಸಿದ ಮೇಲೆ −1.83. ಬೆಲೆ 3000ಕ್ಕೆ ಜಿಗಿದರೂ ಸಿಗುವುದು 5.29 ಮಾತ್ರ, ಒಂದು ಜಿಗಿತ ಇಡೀ ಮಾದರಿಯನ್ನು ಎಳೆದಾಡುವುದಿಲ್ಲ. ಒಂದು ಎಚ್ಚರ: ಅಂದಾಜನ್ನು ನೇರವಾಗಿ ಮತ್ತೆ ಬೆಲೆಯ ರೂಪಕ್ಕೆ, ಹಿಂದಕ್ಕೆ ತಿರುಗಿಸಿದರೆ ಕೈಗೆ ಬರುವುದು ಹೆಚ್ಚುಕಡಿಮೆ ಮಧ್ಯಕ, ಸರಾಸರಿಯಲ್ಲ. ಸರಾಸರಿ ಬೇಕಿದ್ದರೆ ಹಳೆಯ ಶೇಷಗಳನ್ನು (ಪರಿವರ್ತಿಸಿದ ನಿಜ ಬೆಲೆಯಿಂದ ಅಂದಾಜು ಕಳೆದಾಗ ಉಳಿದವನ್ನು) ಒಂದೊಂದಾಗಿ ಅಂದಾಜಿಗೆ ಕೂಡಿ, ಪ್ರತಿಯೊಂದನ್ನೂ ಹಿಂದಕ್ಕೆ ತಿರುಗಿಸಿ, ಆಮೇಲೆ ಸರಾಸರಿ ತೆಗೆಯಿರಿ.

ಶೇಕಡಾ ಲೆಕ್ಕದ ತಂಟೆ ಸರಳ. ನಿಜ ಬೆಲೆ 0.5, ನಿಮ್ಮ ಅಂದಾಜು 6. ತಪ್ಪು ಬರೀ 5.5, ಶೇಕಡಾವಾರು 1100! ನಿರಪೇಕ್ಷ ತಪ್ಪಿನ (ಧನ, ಋಣ ಚಿಹ್ನೆ ಬಿಟ್ಟ ತಪ್ಪಿನ) ಸರಾಸರಿ ತೆಗೆದು, ಅದನ್ನು ಒರಟು ಅಂದಾಜಿನ ತಪ್ಪಿನಿಂದ ಭಾಗಿಸಿ. ಒರಟು ಅಂದಾಜು ಎಂದರೆ ಮಂಗಳವಾರದಿಂದ ಶುಕ್ರವಾರದವರೆಗೆ ಅದರ ಹಿಂದಿನ ದಿನದ ಬೆಲೆ, ಉಳಿದ ಮೂರು ದಿನ ಕಳೆದ ವಾರದ ಅದೇ ದಿನದ ಬೆಲೆ. ಭಾಗಲಬ್ಧ 1ಕ್ಕಿಂತ ಕಡಿಮೆ ಬರದಿದ್ದರೆ ಮಾದರಿ ಇಟ್ಟುಕೊಂಡು ಪ್ರಯೋಜನವಿಲ್ಲ.

ಪ್ರಶ್ನೆ: ಹಳೆಯ ದತ್ತಾಂಶದ ಮೇಲೆ ಪರೀಕ್ಷಿಸಿದಾಗ ನಿಖರ, ಬಳಕೆಗೆ ಇಳಿಸಿದಾಗ ಸೋಲು. ಕಾರಣ?

ಉತ್ತರ: ಬಹುಪಾಲು ಮಾಹಿತಿ ಸೋರಿಕೆ, ಅಂದರೆ ಅಂದಾಜಿಸುವ ಹೊತ್ತಿಗೆ ಗೊತ್ತಿರದ ಅಂಕಿ ಮಾದರಿಗೆ ಸಿಕ್ಕಿಬಿಡುವುದು. ಮರುದಿನದ 24 ಗಂಟೆಗಳ ಬೆಲೆಯೂ ಹಿಂದಿನ ದಿನದ ಹರಾಜಿನಲ್ಲಿ ಒಟ್ಟಿಗೇ ನಿಗದಿಯಾಗುತ್ತದೆ. ಹಾಗಾಗಿ 9 ಗಂಟೆಯ ಅಂದಾಜಿಗೆ ಅದೇ ದಿನದ 8 ಗಂಟೆಯ ಬೆಲೆ ಕೊಟ್ಟರೆ, ಹರಾಜಿಗೆ ಮುನ್ನ ಇಲ್ಲದ್ದನ್ನು ಕೊಟ್ಟಂತೆ. ಗಾಳಿ, ಸೌರ, ಬೇಡಿಕೆಗಳ ನಿಜ ಅಂಕಿಯೂ ಬೇಡ, ಹರಾಜಿಗೆ ಮುಂಚೆ ಸಿಕ್ಕ ಮುನ್ಸೂಚನೆಯನ್ನೇ ಬಳಸಿ. ಪ್ರತಿ ಗಂಟೆಗೆ ಪ್ರತ್ಯೇಕ ಸಮೀಕರಣವಿರಲಿ: ಅಂದಾಜಿಸುವ ದಿನಕ್ಕಿಂತ 1, 2, 7 ದಿನ ಹಿಂದಿನ ಅದೇ ಗಂಟೆಯ ಬೆಲೆ, ಜೊತೆಗೆ ಹಿಂದಿನ ದಿನದ ಕೊನೆಯ ಗಂಟೆಯ ಬೆಲೆ. ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಚಳಿಗಾಲಕ್ಕೆ ಹಿಂದಕ್ಕೆ ತಿರುಗಿಸುವ ದೇಶಗಳಲ್ಲಿ ವರ್ಷಕ್ಕೊಂದು ದಿನ 23 ಗಂಟೆ, ಇನ್ನೊಂದು ದಿನ 25. ಇದನ್ನು ಸರಿಪಡಿಸದಿದ್ದರೆ ಮುಂದಿನ ಸಾಲುಗಳೆಲ್ಲ ಒಂದು ಗಂಟೆ ಜಾರುತ್ತವೆ.