ಗೆಲ್ಲದವನಿಗೆ ಎರಡು ಪುಟವೇ?

ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯವನ್ನು ಒಮ್ಮೆಯೂ ಗೆಲ್ಲದ ಯೂಜೀನ್ ಕ್ರಿಸ್ತೋಫ್‌ಗೆ ನಮ್ಮ ಪತ್ರಿಕೆಯಲ್ಲಿ ಎರಡು ಪುಟ ಕೊಟ್ಟು, ಮೂರು ಬಾರಿ ಗೆದ್ದ ಬೆಲ್ಜಿಯಮ್ಮಿನ ಫಿಲಿಪ್ ತೈಸ್‌ಗೆ ಒಂದೇ ಸಾಲು ಮೀಸಲಿಟ್ಟದ್ದು ಅನ್ಯಾಯವೆಂದು ನೀವು ಬರೆದಿದ್ದೀರಿ. ತೈಸ್ ದೊಡ್ಡ ಸವಾರನೆಂಬುದರಲ್ಲಿ ತಕರಾರಿಲ್ಲ; 1913, 1914, 1920ರ ದಾಖಲೆಗಳೇ ಅದನ್ನು ಹೇಳುತ್ತವೆ. ಆದರೆ ತಾವು 1913ರ ದಾಖಲೆಯನ್ನು ಕೊಂಚ ಅವಸರದಲ್ಲಿ ಓದಿದಂತಿದೆ.

ಆ ವರ್ಷ ಪಿರೆನೀಸ್ ಪರ್ವತಗಳ ತೂರ್ಮಾಲೆ ಘಾಟಿಯಿಂದ ಇಳಿಯುವಾಗ ಕ್ರಿಸ್ತೋಫ್‌ನ ಸೈಕಲ್ಲಿನ ಮುಂದಿನ ಫೋರ್ಕ್, ಅಂದರೆ ಮುಂಚಕ್ರವನ್ನು ಹಿಡಿದಿಡುವ ಕವಲು, ಮುರಿಯಿತು. ಪಂದ್ಯದ ನಿಯಮದಂತೆ ಬೇರೆ ಸೈಕಲ್ ಪಡೆಯುವಂತಿರಲಿಲ್ಲ, ರಿಪೇರಿಗೆ ಯಾರ ಕೈಯ ಸಹಾಯವನ್ನೂ ಪಡೆಯುವಂತಿರಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸಾಂತ್ ಮಾರಿ ದ ಕಾಂಪಾನ್ ಹಳ್ಳಿಯ ಕುಲುಮೆಯನ್ನು ಸೇರಿದ ಅವನು, ಬೀಗದ ಕೆಲಸ ಕಲಿತಿದ್ದ ತನ್ನ ಕೈಯಿಂದಲೇ ಕಬ್ಬಿಣ ಕಾಯಿಸಿ, ಬಡಿದು, ಬೆಸೆದ. ಪಂದ್ಯದ ಅಧಿಕಾರಿಗಳು ಎದುರಿಗೇ ನಿಂತು ಕಾವಲು ಕಾಯುತ್ತಿದ್ದರು. ತಿದಿ ಒತ್ತಲು ಒಬ್ಬ ಪುಟ್ಟ ಹುಡುಗನ ನೆರವು ಪಡೆದದ್ದಕ್ಕೆ ದಂಡದ ನಿಮಿಷಗಳನ್ನೂ ಸೇರಿಸಿದರು. ಸುಮಾರು ನಾಲ್ಕು ಗಂಟೆ ಕಳೆದುಕೊಂಡೂ ಅವನು ಪಂದ್ಯ ಬಿಡದೆ ಪ್ಯಾರಿಸ್ಸಿಗೆ ಏಳನೆಯವನಾಗಿ ಬಂದ. ನೀವು ಮೆಚ್ಚುವ ತೈಸ್‌ನ ಮೊದಲ ಗೆಲುವು ಇದೇ ವರ್ಷದ್ದು.

1910ರಲ್ಲಿ ಹಿಮದ ನಡುವೆ ಇಟಲಿಯ ಮಿಲಾನ್–ಸಾನ್ ರೆಮೊ ಸೈಕಲ್ ಪಂದ್ಯ ಗೆದ್ದವನೂ ಇವನೇ. ಹೀಗಾಗಿ ಇವನನ್ನು ಬರೀ ಸೋತವನೆನ್ನುವುದು ತಪ್ಪು. ಆದರೂ ಪತ್ರಿಕೆಗಳ ಕ್ರೀಡಾಪುಟಗಳಿಗೆ ಪದಕದ ಪಟ್ಟಿಯಷ್ಟೇ ಸಾಕು. ಎರಡನೆಯ ಸ್ಥಾನದವನ ಹೆಸರು ಮರುದಿನಕ್ಕೇ ಅಳಿಸಿಹೋಗುತ್ತದೆ, ಏಳನೆಯವನ ಪಾಡನ್ನಂತೂ ಕೇಳುವವರೇ ಇಲ್ಲ. ಈ ಚಟದಲ್ಲಿ ನಮ್ಮ ಪತ್ರಿಕೆಗೂ ಪಾಲಿದೆಯೆಂದು ಒಪ್ಪುತ್ತೇನೆ.

ಮಹಾಯುದ್ಧದ ನಂತರ 1919ರಲ್ಲಿ ಒಟ್ಟಾರೆ ಮುನ್ನಡೆಯಲ್ಲಿರುವವನು ತೊಡುವ, ಪಂದ್ಯದ ಮೊತ್ತಮೊದಲ ಹಳದಿ ಅಂಗಿ ಗ್ರೆನೋಬ್ಲ್‌ನಲ್ಲಿ ಕ್ರಿಸ್ತೋಫ್‌ನ ಮೈಗೇರಿತು. ಪಂದ್ಯ ಮುಗಿಯಲು ಎರಡೇ ಹಂತಗಳಿರುವಾಗ ವಲೆನ್ಸಿಯೆನ್ ಬಳಿ ಫೋರ್ಕ್ ಮತ್ತೆ ಮುರಿದು, ಗೆಲುವು ಫಿರ್ಮಿನ್ ಲಾಂಬೋ ಪಾಲಾಯಿತು. ಆಗ ಇವನಿಗಾಗಿ ಚಂದಾ ಎತ್ತಿದ್ದು ಆ ಕಠಿಣ ನಿಯಮಗಳನ್ನು ಮಾಡಿ ಪಂದ್ಯ ನಡೆಸುತ್ತಿದ್ದ 'ಲೋಟೊ' ಪತ್ರಿಕೆಯೇ. ಅದಕ್ಕೆ ಹಣ ಕಳಿಸಿದವರು ನಿಮ್ಮಂಥ ಓದುಗರು. ಕೂಡಿದ ಮೊತ್ತ ಗೆದ್ದವನ ಬಹುಮಾನವನ್ನೂ ಮೀರಿತ್ತು.

— ಸಂಪಾದಕ